ಓದುಗರ ಪ್ರಶ್ನೆ, ನಮ್ಮ ಉತ್ತರ: ದ್ವೀಪ ಸಿಕ್ಕಿತು, ಫಿರ್ಗಜ್ ಯಾವುದು?

ಗೋವಾದ ಹಳೆಯ ಪೋರ್ಚುಗೀಸ್ ಜನನ ಪುಸ್ತಕಗಳನ್ನು ಓದುವ ಬಗೆಯನ್ನು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಆಮೇಲೆ ಬಂದ ಪತ್ರಗಳಲ್ಲಿ ಅರ್ಧದಷ್ಟು ಗೋವಾದ ಬಗ್ಗೆ ಇರಲೇ ಇಲ್ಲ. ಮಗ ಅಮೆರಿಕದಲ್ಲೋ ಕೆನಡಾದಲ್ಲೋ ಮದುವೆಯಾಗಿದ್ದಾನೆ, ಸೊಸೆಯ ಹಿರಿಯರು ಪೋರ್ಚುಗಲ್‌ಗೆ ಸೇರಿದ ಅಜೋರ್ಸ್ ದ್ವೀಪದವರು, ಅವರ ವಂಶಾವಳಿ ಹುಡುಕುವುದು ಹೇಗೆ ಎಂಬ ಪತ್ರಗಳೇ ಹೆಚ್ಚು. ಈ ಸಲ ಅವಕ್ಕೇ ಉತ್ತರ.

ಪ್ರಶ್ನೆ (ವಾಸ್ಕೋದಿಂದ): ಮೊಮ್ಮಗನಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದಾರೆ. ನಮ್ಮ ಕಡೆಯದು ಸುಲಭವಾಯಿತು. ನಾವು ಗದಗಿನ ಕಡೆಯವರು, ಊರಿಗೆ ಬರುವ ಹೆಳವರು ಏಳು ತಲೆ ಹೇಳಿದರು. ಸೊಸೆ ಮ್ಯಾಸಚೂಸೆಟ್ಸ್‌ನವಳು. ಅವಳ ಮುತ್ತಜ್ಜನ ಕಾಗದದಲ್ಲಿ ‘ವೆಸ್ಟರ್ನ್ ಐಲ್ಯಾಂಡ್ಸ್, ಫಯಾಲ್’ ಎಂದಷ್ಟೇ ಇದೆ. ಅದು ಎಲ್ಲಿದೆ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ವೆಸ್ಟರ್ನ್ ಐಲ್ಯಾಂಡ್ಸ್ ಎಂದರೆ ಅಜೋರ್ಸ್. ಅದು ಹಿಂದಿನ ಇಂಗ್ಲಿಷ್ ನಾವಿಕರು ಇಟ್ಟ ಹೆಸರು. ಲಿಸ್ಬನ್‌ನಿಂದ ಪಶ್ಚಿಮಕ್ಕೆ ಸುಮಾರು 1,500 ಕಿಲೋಮೀಟರ್ ದೂರದಲ್ಲಿ, ಅಟ್ಲಾಂಟಿಕ್ ಸಾಗರದಲ್ಲಿ ಒಂಬತ್ತು ದ್ವೀಪಗಳಿವೆ. ಪೂರ್ವದಲ್ಲಿ ಸಾಂತಾ ಮರಿಯಾ, ಸಾವೊ ಮಿಗೆಲ್. ನಡುವೆ ತೆರ್ಸೇರಾ, ಗ್ರಾಸಿಯೋಜಾ, ಸಾವೊ ಜೋರ್ಜ್, ಪಿಕೊ, ಫಯಾಲ್. ಪಶ್ಚಿಮದ ತುದಿಗೆ ಫ್ಲೋರೆಸ್, ಕೋರ್ವೊ. ಈ ತುದಿಯಿಂದ ಆ ತುದಿಗೆ 600 ಕಿಲೋಮೀಟರ್ ಇದ್ದರೂ ಜನ ಇರುವುದು ಒಟ್ಟು ಎರಡೂಕಾಲು ಲಕ್ಷದ ಮೇಲೆ ಚೂರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾವೊ ಮಿಗೆಲ್ ಒಂದರಲ್ಲೇ ಇದ್ದಾರೆ. ಕೋರ್ವೊದಲ್ಲಿ ನಾನೂರು ಜನರೂ ಇಲ್ಲ, ಇಡೀ ದ್ವೀಪಕ್ಕೆ ಒಂದೇ ಊರು.

ಕಾಗದದಲ್ಲಿರುವ ‘ಫಯಾಲ್’ ಅನ್ನು ಕಣ್ಣು ಮುಚ್ಚಿ ನಂಬಬೇಡಿ. ಫಯಾಲ್‌ನ ಓರ್ತಾ ದೊಡ್ಡ ಬಂದರು. ಅಮೆರಿಕದ ತಿಮಿಂಗಿಲ ಬೇಟೆಯ ಹಡಗುಗಳು ಅಲ್ಲಿ ನಿಂತು ನೀರು, ತರಕಾರಿ, ಆಳುಗಳನ್ನು ಹತ್ತಿಸಿಕೊಳ್ಳುತ್ತಿದ್ದವು. ಸುಮಾರು 8 ಕಿಲೋಮೀಟರ್ ಕಡಲು ದಾಟಿ ಬಂದ ಪಿಕೊದ ಹುಡುಗನೂ, ಸಾವೊ ಜೋರ್ಜ್‌ನವನೂ ಹಡಗು ಹತ್ತಿದ್ದು ಅಲ್ಲೇ, ಹೆಸರು ಬರೆಸಿದ್ದೂ ‘ಫಯಾಲ್’ ಎಂದೇ. ಹುಬ್ಬಳ್ಳಿಯಲ್ಲಿ ರೈಲು ಹತ್ತಿದವರೆಲ್ಲ ಹುಬ್ಬಳ್ಳಿಯವರಲ್ಲವಲ್ಲ, ಹಾಗೆ.

ನಿಮಗೆ ಬೇಕಾದದ್ದು ದ್ವೀಪದ ಹೆಸರಲ್ಲ, ಫಿರ್ಗಜ್‌ನ ಹೆಸರು. ಈ ಪದ ಗೋವಾದಲ್ಲೂ ಮಂಗಳೂರಿನಲ್ಲೂ ಕೊಂಕಣಿಯಲ್ಲಿ ಬಳಕೆಯಲ್ಲಿದೆ, ಬಂದದ್ದು ಪೋರ್ಚುಗೀಸಿನ ‘ಫ್ರೆಗೆಜಿಯಾ’ದಿಂದ. ಒಂದು ಇಗರ್ಜಿಗೆ (ಚರ್ಚಿಗೆ) ಸೇರಿದ ಊರು ಎಂದರ್ಥ. ಅಜೋರ್ಸ್‌ನಲ್ಲಿ ಆಡಳಿತದ ಗ್ರಾಮಕ್ಕೂ ಇದೇ ಹೆಸರು. ಹಲವು ಫಿರ್ಗಜ್ ಸೇರಿ ಒಂದು ‘ಕೊನ್ಸೆಲ್ಯು’, ಅಂದರೆ ನಮ್ಮ ತಾಲೂಕು. ದಾಖಲೆಗಳೆಲ್ಲ ಫಿರ್ಗಜ್‌ವಾರು ಇವೆ. ಇಡೀ ದ್ವೀಪಕ್ಕೊಂದು ಪಟ್ಟಿ ಎಂಬುದು ಇಲ್ಲ.

ಹಾಗಾಗಿ ಮೊದಲ ಹುಡುಕಾಟ ಅಮೆರಿಕದಲ್ಲೇ ಆಗಬೇಕು. ಸೊಸೆಗೆ ಹೇಳಿ ಮುತ್ತಜ್ಜ ಮದುವೆಯಾದ ಇಗರ್ಜಿಯ ಪುಸ್ತಕ ತೆಗೆಸಿ. ಬಾವ್ತಿಸ್ಮ್ (ಮಗುವಿನ ದೀಕ್ಷಾಸ್ನಾನ) ಎಲ್ಲಾಯಿತು ಎಂಬುದನ್ನು ಪಾದ್ರಿ ಬರೆದುಕೊಂಡಿರುವ ಸಾಧ್ಯತೆ ಸರ್ಕಾರಿ ಕಾಗದಕ್ಕಿಂತ ಅಲ್ಲಿ ಹೆಚ್ಚು. ಆಮೇಲೆ ಹಡಗಿನ ಪ್ರಯಾಣಿಕರ ಪಟ್ಟಿ. 1907ರಿಂದ ಈಚಿನ ಪಟ್ಟಿಗಳಲ್ಲಿ ಹುಟ್ಟೂರೂ, ಊರಿನಲ್ಲಿ ಉಳಿದ ಹತ್ತಿರದ ಸಂಬಂಧಿಯ ಹೆಸರೂ ಇರುತ್ತವೆ. ಪೌರತ್ವದ ಅರ್ಜಿ, ಗೋರಿಕಲ್ಲು, ಪತ್ರಿಕೆಯ ಮರಣ ವಾರ್ತೆ ಕೊನೆಗೆ. ಮುತ್ತಜ್ಜನದು ಸಿಗದಿದ್ದರೆ ಅವನ ಅಣ್ಣತಮ್ಮಂದಿರ, ಅಕ್ಕತಂಗಿಯರ ಕಾಗದ ನೋಡಿ. ಒಬ್ಬರದರಲ್ಲಿ ‘ಪೋರ್ಚುಗಲ್’ ಎಂದಷ್ಟೇ ಇದ್ದರೆ ಇನ್ನೊಬ್ಬರದರಲ್ಲಿ ಊರೇ ಸಿಕ್ಕಿಬಿಡುತ್ತದೆ.

ಇನ್ನೊಂದು ಎಚ್ಚರಿಕೆ: ಒಂದೇ ಹೆಸರಿನ ಊರು ಹಲವು ದ್ವೀಪಗಳಲ್ಲಿವೆ. ‘ಲಾಜೆಸ್’ ಪಿಕೊದಲ್ಲಿದೆ, ಫ್ಲೋರೆಸ್‌ನಲ್ಲಿದೆ, ತೆರ್ಸೇರಾದಲ್ಲೂ ಇದೆ. ‘ಸಾಂತಾ ಕ್ರೂಜ್’ ಗ್ರಾಸಿಯೋಜಾದಲ್ಲೂ ಫ್ಲೋರೆಸ್‌ನಲ್ಲೂ ಇದೆ, ದೂರದ ಮದೇರಾ ದ್ವೀಪದಲ್ಲೂ ಇದೆ. ‘ರಿಬೇರಾ ಸೇಕಾ’ ಸಾವೊ ಮಿಗೆಲ್‌ನಲ್ಲೂ ಸಾವೊ ಜೋರ್ಜ್‌ನಲ್ಲೂ ಇದೆ. ಫಿರ್ಗಜ್, ಕೊನ್ಸೆಲ್ಯು, ದ್ವೀಪ ಮೂರನ್ನೂ ಸೇರಿಸಿಯೇ ಬರೆದಿಟ್ಟುಕೊಳ್ಳಿ.

ಪ್ರಶ್ನೆ (ಮಡಗಾಂವದಿಂದ): ಫಿರ್ಗಜ್ ಗೊತ್ತಾಗಿದೆ. ಮುಂದೆ ಯಾವ ಕಚೇರಿಗೆ ಬರೆಯಬೇಕು? ಇಲ್ಲಿ ಕುಳಿತೇ ನೋಡಬಹುದೇ?

ಉತ್ತರ: ನೋಡಬಹುದು, ದುಡ್ಡೂ ಬೇಡ. ಮೂರು ಪ್ರಾದೇಶಿಕ ಗ್ರಂಥಾಲಯ-ದಫ್ತರಗಳಿವೆ. ಸಾವೊ ಮಿಗೆಲ್, ಸಾಂತಾ ಮರಿಯಾ ದ್ವೀಪಗಳ ಪುಸ್ತಕಗಳು ಪೊಂತಾ ದೆಲ್ಗಾದಾದಲ್ಲಿವೆ. ತೆರ್ಸೇರಾ, ಗ್ರಾಸಿಯೋಜಾ, ಸಾವೊ ಜೋರ್ಜ್‌ನವು ಅಂಗ್ರಾದಲ್ಲಿ. ಫಯಾಲ್, ಪಿಕೊ, ಫ್ಲೋರೆಸ್, ಕೋರ್ವೊದವು ಓರ್ತಾದಲ್ಲಿ. ಹಳೆಯ ಮೂರು ಜಿಲ್ಲೆಗಳ ಹಂಚಿಕೆಯೇ ಇದು. 1976ರಲ್ಲಿ ದ್ವೀಪಗಳು ಸ್ವಾಯತ್ತ ಪ್ರದೇಶವಾದ ಮೇಲೆ ಜಿಲ್ಲೆಗಳು ಹೋದವು, ಪುಸ್ತಕಗಳು ಇದ್ದಲ್ಲೇ ಉಳಿದವು. ಇಗರ್ಜಿ ಪುಸ್ತಕಗಳ ಪುಟಪುಟವನ್ನೂ ಫೋಟೊ ತೆಗೆದು ಅಲ್ಲಿನ ಪ್ರಾದೇಶಿಕ ಸರ್ಕಾರವೇ ಅಂತರ್ಜಾಲದಲ್ಲಿ ಇಟ್ಟಿದೆ. ದ್ವೀಪ, ಕೊನ್ಸೆಲ್ಯು, ಫಿರ್ಗಜ್, ದಾಖಲೆಯ ಬಗೆ, ವರ್ಷ ಎಂಬ ಕ್ರಮದಲ್ಲಿ ಇಳಿಯುತ್ತ ಹೋಗಬೇಕು. ಹೆಸರು ಟೈಪ್ ಮಾಡಿದರೆ ಉತ್ತರ ಬರುವಂಥದ್ದಲ್ಲ, ಪುಟ ತಿರುಗಿಸಿ ಓದುವ ಕೆಲಸ.

ಬಗೆಗಳು ಮೂರು. ‘ಬತಿಜ್ಮು’ ಅಂದರೆ ನಮ್ಮ ಬಾವ್ತಿಸ್ಮ್. ‘ಕಜಮೆಂತು’ ಮದುವೆ, ಕೊಂಕಣಿಯ ‘ಕಾಜಾರ್’ ಇದರ ಹತ್ತಿರದ ನೆಂಟ. ‘ಓಬಿತು’ ಸಾವು. ಬಾವ್ತಿಸ್ಮ್ ಮತ್ತು ಮದುವೆಯ ಪುಸ್ತಕ ಇಡಬೇಕೆಂದು ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಧರ್ಮಸಭೆ 1563ರಲ್ಲಿ ವಿಧಿಸಿತು. ಹಾಗೆಂದು ಎಲ್ಲ ಕಡೆ ಅಲ್ಲಿಂದಲೇ ಉಳಿದಿಲ್ಲ. ಕೆಲವು ಫಿರ್ಗಜ್‌ಗಳಲ್ಲಿ 16ನೇ ಶತಮಾನದ ಕೊನೆಯವು ಸಿಗುತ್ತವೆ, ಬಹಳಷ್ಟು ಕಡೆ 1600ರ ನಂತರವೇ.

ಎರಡು ವರ್ಷ ನೆನಪಿರಲಿ: 1860 ಮತ್ತು 1911. 1860ರಿಂದ ಪಾದ್ರಿಗಳಿಗೆ ಒಂದೇ ಮಾದರಿ ಬಂತು, ಎರಡು ಪ್ರತಿ ಬರೆಯುವುದು ಕಡ್ಡಾಯವಾಯಿತು. ಅಲ್ಲಿಂದಾಚೆಯ ಬಾವ್ತಿಸ್ಮ್ ದಾಖಲೆ ಎಂದರೆ ಚಿನ್ನದ ಗಣಿ: ಹುಟ್ಟಿದ ದಿನ, ಹೊತ್ತು, ತಂದೆತಾಯಿ, ಅವರ ಕಸುಬು, ಅವರ ಊರು, ಎರಡೂ ಕಡೆಯ ಅಜ್ಜ-ಅಜ್ಜಿ, ಎಲ್ಲ ಒಂದೇ ಕಡೆ. 1911ರ ಏಪ್ರಿಲ್ 1ರಿಂದ ನೋಂದಣಿ ಸರ್ಕಾರದ ಕೈಗೆ ಹೋಯಿತು. ಗೋವಾದಲ್ಲಿ ಇದೇ ಪದ್ಧತಿ ಬಂದದ್ದು 1914ರಲ್ಲಿ, ಹಾಗಾಗಿ ಇಲ್ಲಿನ ಪುಸ್ತಕ ಓದಿ ಅಭ್ಯಾಸವಿದ್ದವರಿಗೆ ಅಲ್ಲಿನವು ಅಪರಿಚಿತ ಅನ್ನಿಸುವುದಿಲ್ಲ. ಪೋರ್ಚುಗಲ್‌ನ ನೋಂದಣಿ ಕಚೇರಿಗಳು ಜನನದ ಪುಸ್ತಕವನ್ನು 100 ವರ್ಷ, ಮದುವೆಯದನ್ನು 50, ಮರಣದ್ದನ್ನು 30 ವರ್ಷ ತಮ್ಮಲ್ಲೇ ಇಟ್ಟುಕೊಂಡು ಆಮೇಲೆ ದಫ್ತರಕ್ಕೆ ಕೊಡುತ್ತವೆ. ಆ ಅವಧಿಯೊಳಗಿನದು ಬೇಕಿದ್ದರೆ ‘ಕೊನ್ಸೆರ್ವತೋರಿಯಾ’ಕ್ಕೆ, ಅಂದರೆ ಆ ನೋಂದಣಿ ಕಚೇರಿಗೆ, ಅರ್ಜಿ ಹಾಕಿ ನಕಲು ತರಿಸಬೇಕು.

ಹುಡುಕುವ ಕ್ರಮ ಹೀಗೆ. ಗೊತ್ತಿರುವ ಒಬ್ಬರ ಬಾವ್ತಿಸ್ಮ್ ಹಿಡಿಯಿರಿ. ಅಲ್ಲಿಂದ ಹಿಂದಕ್ಕೆ ಓದುತ್ತ ಅದೇ ತಂದೆತಾಯಿಯ ಮೊದಲ ಮಗುವಿನವರೆಗೆ ಹೋಗಿ. ಅದರ ಹಿಂದಿನ ಒಂದೆರಡು ವರ್ಷದಲ್ಲಿ ಅವರ ಮದುವೆ ಇರುತ್ತದೆ, ಸಾಮಾನ್ಯವಾಗಿ ಹೆಣ್ಣಿನ ಫಿರ್ಗಜ್‌ನಲ್ಲಿ. ಮದುವೆಯ ದಾಖಲೆಯಲ್ಲಿ ಇಬ್ಬರ ತಂದೆತಾಯಿಯ ಹೆಸರು, ಊರು ಇರುತ್ತದೆ. 1860ರ ನಂತರವಾದರೆ ವಯಸ್ಸೂ ಇರುತ್ತದೆ. ಮದುವೆ 1872ರಲ್ಲಿ, ಗಂಡಿಗೆ 26 ಎಂದಿದ್ದರೆ 1846ರ ಪುಸ್ತಕ ತೆಗೆಯಿರಿ. ಸಿಗದಿದ್ದರೆ ಆಚೀಚೆ ಮೂರು ವರ್ಷ, ಅಲ್ಲೂ ಇಲ್ಲದಿದ್ದರೆ ಐದು. ವಯಸ್ಸು ಕೇಳಿದಾಗ ಅಂದಾಜು ಹೇಳುವ ರೂಢಿ ಅಲ್ಲೂ ಇತ್ತು. ಬಾವ್ತಿಸ್ಮ್ ಸಿಕ್ಕಿದರೆ ಒಂದು ತಲೆಮಾರು ಮುಗಿಯಿತು, ಮತ್ತೆ ಅವನ ತಂದೆತಾಯಿಯ ಮೊದಲ ಮಗು, ಮದುವೆ.

ಹೆಚ್ಚಿನವರು ಎಡವುವುದು ಇಲ್ಲಿ: ಮಗು ತೀರಿಕೊಂಡರೆ ಮುಂದಿನ ಮಗುವಿಗೆ ಅದೇ ಹೆಸರಿಡುತ್ತಿದ್ದರು. 1843ರ ಮನುವೆಲ್ ಸಿಕ್ಕಿದ ಎಂದು ನಿಲ್ಲಿಸಿದರೆ, 1846ರಲ್ಲಿ ಅದೇ ತಂದೆತಾಯಿಗೆ ಇನ್ನೊಬ್ಬ ಮನುವೆಲ್ ಇರುತ್ತಾನೆ. ನಿಮ್ಮವನು ಎರಡನೆಯವನು. ಸಾವಿನ ಪುಸ್ತಕ ನೋಡದೆ ತೀರ್ಮಾನಿಸಬೇಡಿ. ಚಿಕ್ಕ ಮಕ್ಕಳ ಸಾವನ್ನು ಕೆಲವು ಕಡೆ ಬರೆದೇ ಇಲ್ಲ, ಹಾಗಾಗಿ ಒಂದು ಹೆಸರು ಸಿಕ್ಕಿದ ಮೇಲೂ ಮುಂದಿನ ಐದಾರು ವರ್ಷ ಓದುವುದು ಕ್ಷೇಮ.

ಪ್ರಶ್ನೆ (ಪುಣೆ, ಕೋಥ್ರೂಡ್): ಒಂದೇ ತಂದೆತಾಯಿಯ ಮೂವರು ಮಕ್ಕಳಿಗೆ ಮೂರು ಅಡ್ಡಹೆಸರು! ಹೆಂಗಸರಿಗಂತೂ ಅಡ್ಡಹೆಸರೇ ಇಲ್ಲ. ನಾವು ಬೇರೆ ಕುಟುಂಬದ ಹಿಂದೆ ಹೋಗುತ್ತಿದ್ದೇವೆಯೇ?

ಉತ್ತರ: ಇಲ್ಲ, ಸರಿಯಾದ ಕುಟುಂಬದ ಹಿಂದೆಯೇ ಇರಬಹುದು. ಬಾವ್ತಿಸ್ಮ್‌ನಲ್ಲಿ ಮಗುವಿಗೆ ಕೊಡುತ್ತಿದ್ದದ್ದು ಬರಿಯ ಹೆಸರು: ಮರಿಯಾ, ಮನುವೆಲ್, ಜೋಜೆ. ಅಡ್ಡಹೆಸರು ದೊಡ್ಡವರಾದ ಮೇಲೆ ಅಂಟುತ್ತಿತ್ತು. ಒಬ್ಬ ತಂದೆಯದನ್ನು, ಇನ್ನೊಬ್ಬ ತಾಯಿಯ ತಂದೆಯದನ್ನು, ಮೂರನೆಯವನು ಬಾವ್ತಿಸ್ಮ್‌ನಲ್ಲಿ ಎತ್ತಿಕೊಂಡ ಧರ್ಮಪಿತನದನ್ನು ಇಟ್ಟುಕೊಳ್ಳಬಹುದಿತ್ತು. ಊರವರು ಕೊಟ್ಟ ಅಡ್ಡಹೆಸರೂ (ಅವರ ‘ಅಲ್ಕುನ್ಯಾ’) ಒಂದೆರಡು ತಲೆಮಾರಿನಲ್ಲಿ ಮನೆತನದ ಹೆಸರಾಗಿ ಕೂರುತ್ತಿತ್ತು. ಬೆಳಗಾವಿ-ಬಾಗಲಕೋಟೆ ಕಡೆಯ ಅಡ್ಡಹೆಸರು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಹೆಂಗಸರದು ಇನ್ನೂ ಬೇರೆ. ಮರಿಯಾ ದ ಜೆಜೂಸ್, ರೋಜಾ ದು ಎಸ್ಪಿರಿತು ಸಾಂತು, ಆನಾ ದ ಕೊನ್ಸೆಯ್ಸಾವೊ: ಇವು ಯೇಸು, ಪವಿತ್ರಾತ್ಮ, ನಿಷ್ಕಳಂಕ ಗರ್ಭಧಾರಣೆಯನ್ನು ನೆನೆಸಿ ಇಟ್ಟ ಭಕ್ತಿಯ ಹೆಸರುಗಳು, ಮನೆತನದವಲ್ಲ. ಅದೂ ಸ್ಥಿರವಲ್ಲ. ಮೊದಲ ಮಗುವಿನ ದಾಖಲೆಯಲ್ಲಿ ‘ಮರಿಯಾ ದ ಜೆಜೂಸ್’ ಎಂದಿದ್ದ ತಾಯಿ ನಾಲ್ಕನೆಯದರಲ್ಲಿ ‘ಮರಿಯಾ ದು ರೊಜಾರಿಯು’ ಆಗಿರುತ್ತಾಳೆ. ಗಂಡ ಎರಡನೇ ಮದುವೆಯಾದನೇ ಎಂದು ಗಾಬರಿಯಾಗುವ ಮೊದಲು ಅವಳ ತಂದೆತಾಯಿಯ ಹೆಸರು ಹೊಂದಿಸಿ ನೋಡಿ. ಗುರುತು ಹಿಡಿಯುವುದು ಅಡ್ಡಹೆಸರಿನಿಂದಲ್ಲ. ಗಂಡ, ಹೆಂಡತಿ, ನಾಲ್ವರು ಅಜ್ಜ-ಅಜ್ಜಿಯರ ಜೋಡಣೆಯಿಂದ.

ಇದೇ ಕಾರಣಕ್ಕೆ ಹಳೆಯ ಪುಸ್ತಕಗಳ ಕೊನೆಯ ಅಕಾರಾದಿ ಇರುವುದು ಮೊದಲ ಹೆಸರಿನ ಪ್ರಕಾರ. ಸಿಲ್ವಾ ಎಂದು ಹುಡುಕಿ ಬರಿಗೈಯಲ್ಲಿ ಬಂದವರು ಎಷ್ಟೋ ಮಂದಿ. ಮನುವೆಲ್ ಎಂದು ಹುಡುಕಬೇಕಿತ್ತು.

ಅಮೆರಿಕಕ್ಕೆ ಹೋದ ಮೇಲೆ ಹೆಸರು ಮತ್ತೊಮ್ಮೆ ಬದಲಾಯಿತು. ಪೆರೇರಾ ‘ಪೆರಿ’ ಆಯಿತು, ರೊದ್ರಿಗೆಸ್ ‘ರಾಜರ್ಸ್’, ಒಲಿವೇರಾ ‘ಆಲಿವರ್’. ರೇಯ್ಸ್ ಎಂದರೆ ರಾಜರು, ಹಾಗಾಗಿ ಅದನ್ನು ಅರ್ಥ ಬಿಡಿಸಿ ‘ಕಿಂಗ್’ ಮಾಡಿಕೊಂಡರು. ಹಿಂದಕ್ಕೆ ಹೋದರೂ ಬೆರಗು ತಪ್ಪಿದ್ದಲ್ಲ. ನೋಡಲು ಅಪ್ಪಟ ಪೋರ್ಚುಗೀಸ್ ಅನ್ನಿಸುವ ಸಿಲ್ವೇರಾ, ದುತ್ರಾ, ಬ್ರುಂ ಎಂಬ ಹೆಸರುಗಳು ಈ ದ್ವೀಪಗಳಲ್ಲಿ ಎಷ್ಟೋ ಸಲ ಬೆಲ್ಜಿಯಂ ಕಡೆಯ ಫ್ಲೆಮಿಷ್ ವಲಸಿಗರವು. 15ನೇ ಶತಮಾನದಲ್ಲಿ ಫಯಾಲ್‌ಗೆ ಬಂದು ನೆಲೆಸಿದ ವಾನ್ ಹುರ್ತೆರೆಯಿಂದ ದುತ್ರಾ ಬಂತು. ಆ ದ್ವೀಪದಲ್ಲಿ ‘ಫ್ಲಾಮೆಂಗುಸ್’ ಎಂಬ ಫಿರ್ಗಜ್ ಇಂದಿಗೂ ಇದೆ.

ಪ್ರಶ್ನೆ (ಮುಂಬಯಿ, ಡೊಂಬಿವಿಲಿಯಿಂದ): ದಾಖಲೆಯಲ್ಲಿ ತಿಂಗಳ ಜಾಗದಲ್ಲಿ 7ರ ಅಂಕಿ, ಅದರ ಮುಂದೆ ಸಣ್ಣದಾಗಿ ಬಿ, ಆರ್, ಓ ಅಕ್ಷರಗಳಿವೆ. ಜುಲೈ ಎಂದು ಬರೆದುಕೊಂಡೆವು. ಮನೆಯವರು ಸೆಪ್ಟೆಂಬರ್ ಎನ್ನುತ್ತಾರೆ.

ಉತ್ತರ: ಮನೆಯವರೇ ಸರಿ. ಲ್ಯಾಟಿನ್‌ನಲ್ಲಿ ‘ಸೆಪ್ತೆಂ’ ಎಂದರೆ ಏಳು, ಆದ್ದರಿಂದ 7 ಬರೆದರೆ ಸೆಪ್ಟೆಂಬರ್. ಅಂತೆಯೇ 8 ಎಂದರೆ ಅಕ್ಟೋಬರ್, 9 ನವೆಂಬರ್, 10 ಅಥವಾ ಎಕ್ಸ್ ಅಕ್ಷರ ಡಿಸೆಂಬರ್. ಜುಲೈಯನ್ನು ಅಕ್ಷರದಲ್ಲೇ ಬರೆಯುತ್ತಿದ್ದರು.

ಕೈಬರಹದ ಬಗ್ಗೆ ಇನ್ನಷ್ಟು. ಹೆಸರಿನ ಮೊದಲಕ್ಷರ ಬರೆದು ಕೊನೆಯ ಅಕ್ಷರವನ್ನು ಮೇಲೆ ಏರಿಸಿದ್ದರೆ ಅದು ಸಂಕ್ಷೇಪ: ‘ಎಮ್’ ಮೇಲೆ ‘ಎ’ ಎಂದರೆ ಮರಿಯಾ, ‘ಎಮ್’ ಮೇಲೆ ‘ಇಎಲ್’ ಎಂದರೆ ಮನುವೆಲ್. ‘ಐ’ ಮತ್ತು ‘ಜೆ’ ಒಂದೇ ತರಹ ಇರುತ್ತವೆ. ‘ಎಸ್’ ಇರಬೇಕಾದಲ್ಲಿ ‘ಜೆಡ್’ ಬರುತ್ತದೆ. ಕಷ್ಟವಾದರೆ ಅದೇ ಪಾದ್ರಿ ಬರೆದ ಹತ್ತು ದಾಖಲೆಗಳನ್ನು ಒಂದರ ಕೆಳಗೊಂದು ಇಟ್ಟು ಓದಿ. ಒಕ್ಕಣೆ ಪ್ರತಿ ಸಲವೂ ಅದೇ, ಬದಲಾಗುವುದು ದಿನ ಮತ್ತು ಹೆಸರು ಮಾತ್ರ. ಪಾದ್ರಿ ಬದಲಾದ ವರ್ಷ ಮತ್ತೆ ಮೊದಲಿನಿಂದ ಕಲಿಯಬೇಕು. ಅದಕ್ಕೆ ಮದ್ದಿಲ್ಲ. ‘ಪಾಯ್ ಇಂಕೋಗ್ನಿತು’ ಎಂದಿದ್ದರೆ ತಂದೆಯ ಹೆಸರು ಬರೆಸಿಲ್ಲ. ‘ಎಕ್ಸ್‌ಪೋಸ್ತು’ ಎಂದರೆ ಬಿಟ್ಟುಹೋದ ಕೂಸು. ಅಂಥ ಕೂಸಿನ ಜಾಡು ಇಗರ್ಜಿಯಲ್ಲಿ ನಿಂತುಹೋಗುತ್ತದೆ. ಹಾಲೂಡಿಸುವ ದಾದಿಗೆ ಹಣ ಕೊಟ್ಟ ಪುರಸಭೆಯ ಲೆಕ್ಕದಲ್ಲಿ ಮುಂದುವರಿದರೂ ಮುಂದುವರಿಯಬಹುದು.

ಪ್ರಶ್ನೆ (ಮಾಪುಸಾದಿಂದ): ಮದುವೆ ದಾಖಲೆಯಲ್ಲಿ ‘ಮೂರನೇ ದರ್ಜೆಯ ರಕ್ತಸಂಬಂಧಕ್ಕೆ ವಿನಾಯಿತಿ’ ಎಂದಿದೆ. ಇದರಿಂದ ಏನು ತಿಳಿಯುತ್ತದೆ? ಡಿಎನ್‌ಎ ಪರೀಕ್ಷೆಯಲ್ಲಂತೂ ಇಡೀ ದ್ವೀಪವೇ ನೆಂಟರೆಂದು ಬರುತ್ತಿದೆ.

ಉತ್ತರ: ಆ ವಿನಾಯಿತಿ ಬಹಳ ಕೆಲಸಕ್ಕೆ ಬರುವ ಸಾಲು. ಹತ್ತಿರದ ನೆಂಟರ ಮದುವೆಗೆ ಧರ್ಮಪ್ರಾಂತ್ಯದ (ಬಿಷಪ್ಪರ ಆಡಳಿತದ) ಅನುಮತಿ ಬೇಕಿತ್ತು, ಎಷ್ಟು ಹತ್ತಿರ ಎಂಬುದನ್ನು ಪಾದ್ರಿ ಬರೆಯುತ್ತಿದ್ದರು. ಎರಡನೇ ದರ್ಜೆ ಎಂದರೆ ಗಂಡು-ಹೆಣ್ಣಿಗೆ ಅಜ್ಜ-ಅಜ್ಜಿ ಒಬ್ಬರೇ. ಮೂರನೆಯದು ಎಂದರೆ ಮುತ್ತಜ್ಜ-ಮುತ್ತಜ್ಜಿ ಒಬ್ಬರೇ. ನಾಲ್ಕನೆಯದಕ್ಕೆ ಅವರಿಗೂ ಒಂದು ತಲೆ ಮೇಲೆ. ಅಂದರೆ ಒಂದು ಕಡೆಯ ಮುತ್ತಜ್ಜನ ಹೆಸರು ಗೊತ್ತಿದ್ದರೆ ಇನ್ನೊಂದು ಕಡೆಯದನ್ನು ಎಲ್ಲಿ ಹುಡುಕಬೇಕೆಂಬುದು ಗೊತ್ತಾದಂತೆ.

ಕನ್ನಡದವರು ಇಲ್ಲಿ ಒಂದು ಕಡೆ ದಾರಿ ತಪ್ಪುತ್ತಾರೆ. ಸೋದರತ್ತೆಯ ಮಗ ವರಸೆಗೆ ಬರುತ್ತಾನೆ, ದೊಡ್ಡಪ್ಪನ ಮಗ ಅಣ್ಣನಾಗುತ್ತಾನೆ ಎಂಬ ಭೇದ ನಮಗಿದೆ. ಇಗರ್ಜಿಯ ಲೆಕ್ಕದಲ್ಲಿ ಆ ಭೇದವಿಲ್ಲ, ಇಬ್ಬರೂ ಎರಡನೇ ದರ್ಜೆ. ಹಾಗಾಗಿ ವರಸೆ ನೋಡಿ ‘ತಾಯಿ ಕಡೆಯೇ ಇರಬೇಕು’ ಎಂದು ಊಹಿಸಬೇಡಿ, ನಾಲ್ಕೂ ಕವಲು ನೋಡಿ. ‘ಅಫಿನಿದಾದೆ’ ಎಂಬ ಪದವಿದ್ದರೆ ಅದು ರಕ್ತಸಂಬಂಧವಲ್ಲ, ತೀರಿಕೊಂಡ ಮೊದಲ ಹೆಂಡತಿಯ ಅಥವಾ ಗಂಡನ ಮೂಲಕ ಬಂದ ನಂಟು.

ಡಿಎನ್‌ಎ ಗೊಂದಲಕ್ಕೂ ಉತ್ತರ ಇಲ್ಲೇ ಇದೆ. ಸಣ್ಣ ದ್ವೀಪ, ಅದೇ ನಾಲ್ಕಾರು ಮನೆತನ, ನಾನೂರು-ಐನೂರು ವರ್ಷ ಒಳಗೊಳಗೇ ಕೊಟ್ಟು ತಂದದ್ದು. ಒಬ್ಬರೊಡನೆ ಐದಾರು ದಾರಿಯಲ್ಲಿ ದೂರದ ನಂಟಿರುತ್ತದೆ, ಎಲ್ಲ ಕೂಡಿ ಹತ್ತಿರದ ನಂಟಿನಂತೆ ತೋರುತ್ತದೆ. ಪರೀಕ್ಷೆಯವರು ಹೇಳುವ ‘ಮೂರನೇ ತಲೆಯ ಸಂಬಂಧಿ’ ಕಾಗದದಲ್ಲಿ ಐದನೆಯೋ ಆರನೆಯೋ ಆಗಿರುತ್ತದೆ. ನಮ್ಮ ಸಲಹೆ, ಕಾಗದ ಮುಂದಿಟ್ಟುಕೊಂಡು ಡಿಎನ್‌ಎಯನ್ನು ತಾಳೆಗೆ ಬಳಸಿ, ಡಿಎನ್‌ಎಯಿಂದ ಮರ ಕಟ್ಟಲು ಹೋಗಬೇಡಿ.

ಪ್ರಶ್ನೆ (ಪಣಜಿಯಿಂದ): ಮದೇರಾ, ಕೇಪ್ ವರ್ಡ್, ಕ್ಯಾನರಿ ದ್ವೀಪಗಳಿಗೂ ಇದೇ ದಾರಿಯೇ? ಗೋವಾಕ್ಕೂ ಈ ದ್ವೀಪಗಳಿಗೂ ಆಡಳಿತದ ನಂಟು ಏನಾದರೂ ಇತ್ತೇ?

ಉತ್ತರ: ಮದೇರಾಕ್ಕೆ ಹೆಚ್ಚುಕಡಿಮೆ ಇದೇ ದಾರಿ, ದಫ್ತರ ಇರುವುದು ಫುಂಷಾಲ್‌ನಲ್ಲಿ. ಹವಾಯಿಗೆ ಕಬ್ಬಿನ ಗದ್ದೆಗೆಂದು ಹೋದವರ ಮನೆತನವಾದರೆ ಮೊದಲು ಇಲ್ಲೇ ನೋಡಿ, 1878ರಲ್ಲಿ ಮೊದಲ ಹಡಗು ಹೊರಟದ್ದು ಫುಂಷಾಲ್‌ನಿಂದ. ಕೇಪ್ ವರ್ಡ್ ಬೇರೆಯೇ ದೇಶ. ಆದರೆ ಅಲ್ಲಿನ ಬ್ರಾವಾ ದ್ವೀಪದಿಂದಲೂ ತಿಮಿಂಗಿಲ ಹಡಗು ಹತ್ತಿ ನ್ಯೂ ಬೆಡ್‌ಫರ್ಡ್‌ಗೆ ಹೋದವರಿದ್ದಾರೆ, ಅಮೆರಿಕದ ಕಾಗದದಲ್ಲಿ ಅವರೂ ‘ಪೋರ್ಚುಗೀಸ್’ ಎಂದೇ ಇದ್ದಾರೆ. ಅಜೋರ್ಸ್‌ನಲ್ಲಿ ಜಾಡು ಸಿಗದಿದ್ದಾಗ ಇದು ನೆನಪಿರಲಿ. ಕ್ಯಾನರಿ ಸ್ಪೇನಿನದು. ಅಲ್ಲಿ ಸರ್ಕಾರಿ ನೋಂದಣಿ 1871ಕ್ಕೇ ಬಂತು, ಅಡ್ಡಹೆಸರಿನ ಪದ್ಧತಿಯೂ ಬೇರೆ.

ಆಡಳಿತದ ನಂಟು ಇತ್ತು, ಅದೂ ಸ್ವಾರಸ್ಯದ್ದು. 1534ರ ನವೆಂಬರ್ 3ರಂದು ಪೋಪ್ ಮೂರನೇ ಪೌಲ್ ಹೊರಡಿಸಿದ ಆಜ್ಞಾಪತ್ರದಲ್ಲಿ ಅಜೋರ್ಸ್‌ನ ಅಂಗ್ರಾವೂ ಗೋವಾವೂ ಜೊತೆಯಾಗಿ ಧರ್ಮಪ್ರಾಂತ್ಯಗಳಾದವು. ಎರಡರ ಮೇಲೂ ಆಗ ಇದ್ದದ್ದು ಮದೇರಾದ ಫುಂಷಾಲ್‌ನ ಮಹಾಧರ್ಮಪ್ರಾಂತ್ಯ. ಮಾಂಡೋವಿ ದಡದ ಇಗರ್ಜಿಗಳು ಕೆಲವು ಕಾಲ ಅಟ್ಲಾಂಟಿಕ್‌ನ ಒಂದು ಪುಟ್ಟ ದ್ವೀಪಕ್ಕೆ ಅಧೀನವಾಗಿದ್ದವು! ಗೋವಾ ತಾನೇ ಮಹಾಧರ್ಮಪ್ರಾಂತ್ಯವಾದದ್ದು ಆಮೇಲೆ, 1550ರ ದಶಕದಲ್ಲಿ.

ಪ್ರಶ್ನೆ (ಫೋಂಡಾದಿಂದ): ಪಾಸ್‌ಪೋರ್ಟ್ ಪಟ್ಟಿಯಲ್ಲಿ ನಮ್ಮ ಬೀಗರ ಅಜ್ಜನ ಹೆಸರೇ ಇಲ್ಲ. ಹಾಗಾದರೆ ಆತ ದ್ವೀಪ ಬಿಟ್ಟು ಹೋಗಿಲ್ಲವೇ?

ಉತ್ತರ: ಹೋಗಿರಬಹುದು. ಪಾಸ್‌ಪೋರ್ಟ್ ಕೊಡುತ್ತಿದ್ದದ್ದು ಮೂರು ಜಿಲ್ಲಾ ಕೇಂದ್ರಗಳಲ್ಲಿ. ಸೈನ್ಯಕ್ಕೆ ಸೇರುವ ವಯಸ್ಸಿನ ಹುಡುಗರಿಗೆ ಅದು ಸುಲಭವಾಗಿ ಸಿಗುತ್ತಿರಲಿಲ್ಲ, ಹಾಗಾಗಿ ಎಷ್ಟೋ ಮಂದಿ ಕಾಗದಪತ್ರವಿಲ್ಲದೆ ಕತ್ತಲಲ್ಲಿ ದೋಣಿಯೇರಿ, ದಡದಾಚೆ ನಿಂತ ಹಡಗು ಸೇರಿದರು. ಮದುವೆಯಾದವನ ಹೆಂಡತಿ-ಮಕ್ಕಳು ಆಮೇಲೆ ಪಾಸ್‌ಪೋರ್ಟ್ ಮಾಡಿಸಿ ಹೋಗಿರುತ್ತಾರೆ, ಆ ದಾಖಲೆಯಲ್ಲಿ ‘ಗಂಡನ ಬಳಿಗೆ’ ಎಂಬ ಮಾತೂ ಊರೂ ಸಿಗಬಹುದು. ಮೊದಲು ಅವರ ಹೆಸರಿನಲ್ಲಿ ಹುಡುಕಿ. ಅವರು ಹೋದದ್ದು 1958ರ ನಂತರವಾದರೆ ಅಮೆರಿಕದ ಕಡೆಯ ಕಾಗದ ಗಟ್ಟಿಯಾಗಿರುತ್ತದೆ. 1957ರ ಸೆಪ್ಟೆಂಬರ್‌ನಲ್ಲಿ ಫಯಾಲ್‌ನ ಕಪೆಲಿನ್ಯುಸ್ ಬಳಿ ಸಮುದ್ರದಲ್ಲಿ ಜ್ವಾಲಾಮುಖಿ ಎದ್ದು ಮನೆಗಳು ಬೂದಿಯಡಿ ಹೂತುಹೋದವು, ಮರುವರ್ಷ ಅಮೆರಿಕ ಆ ನಿರಾಶ್ರಿತರಿಗೆಂದೇ ಕಾನೂನು ಮಾಡಿತು. ಕೊನೆಯದಾಗಿ, ಅಜ್ಜನ ಜನನ 1911ರ ಏಪ್ರಿಲ್ ನಂತರದ್ದಾದರೆ ಸರ್ಕಾರಿ ಜನನ ದಾಖಲೆಯ ಅಂಚನ್ನು ಓದಿ. ಮದುವೆ, ಸಾವು ಎಲ್ಲಾಯಿತೆಂದು ಗುಮಾಸ್ತ ಅಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುವುದುಂಟು. ನಕಲು ಕೇಳುವಾಗ ಅಂಚಿನ ಟಿಪ್ಪಣಿ ಸಮೇತ ಪೂರ್ಣ ನಕಲೇ ಬೇಕೆಂದು ಅರ್ಜಿಯಲ್ಲಿ ನಮೂದಿಸಿ, ಇಲ್ಲದಿದ್ದರೆ ಸಾರಾಂಶವಷ್ಟೇ ಕೈಗೆ ಬರುತ್ತದೆ.